ವಿಶಾಖಪಟ್ಟಣಕ್ಕೆ ದಕ್ಕದ ತವರು
ಪ್ರತಿ ತಂಡವೂ ಇತರ ಎಲ್ಲ ತಂಡಗಳೊಡನೆ ಆಡಿ ಗಳಿಸಿದ ಅಂಕಗಳ ಮೊತ್ತದಿಂದ ವಿಜೇತರನ್ನು ನಿರ್ಣಯಿಸುವ ಪದ್ಧತಿಗೆ ಲೀಗ್ ಎನ್ನಲಾಗುತ್ತದೆ. ಒಂದು ದಿನದ ಅದೃಷ್ಟಕ್ಕಿಂತ ತಿಂಗಳುಗಟ್ಟಲೆಯ ತಾಳಿಕೆಗೇ ಇಲ್ಲಿ ಬೆಲೆ ಹೆಚ್ಚಾದ್ದರಿಂದ, ಹಣ ಕಡಿಮೆಯಿರುವ ಸಣ್ಣ ಕ್ಲಬ್ಬಿನ ದಾರಿ ಕಠಿಣವೇ ಸರಿ. ಆದರೂ ವಿಶಾಖಪಟ್ಟಣದ ಹೆಸರಿನಲ್ಲಿ 2020ರಲ್ಲಿ ಭಾರತದ ಫುಟ್‌ಬಾಲ್ ಪಂದ್ಯಾವಳಿಯಾದ ಐ-ಲೀಗ್‌ಗೆ ಪ್ರವೇಶ ಪಡೆದ ಶ್ರೀನಿಧಿ ಕ್ಲಬ್, ಶ್ರೀನಿಧಿ ಡೆಕ್ಕನ್ ಎಂದಾಗಿ ಹೈದರಾಬಾದಿನಲ್ಲಿ ನೆಲೆನಿಂತು, 2021–22ರ ಮೊದಲ ಋತುವಿನಲ್ಲೇ ಮೂರನೆಯ ಸ್ಥಾನವನ್ನೂ, ಅನಂತರದ ಎರಡು ಋತುಗಳಲ್ಲಿ ಎರಡನೆಯ ಸ್ಥಾನವನ್ನೂ ಗಳಿಸಿತು. ಮಿಜೋರಾಮಿನ ಐಜ್ವಾಲ್ ತಂಡವಂತೂ 2017ರಲ್ಲಿ ಮೋಹನ್ ಬಗಾನನ್ನು ಒಂದೇ ಅಂಕದಿಂದ ಹಿಂದಿಕ್ಕಿ ಐ-ಲೀಗನ್ನೇ ಗೆದ್ದುಕೊಂಡಿತು. ಸಣ್ಣ ಕ್ಲಬ್ಬಿನ ಹಂಬಲ ಭ್ರಮೆಯಲ್ಲ ಎಂಬುದಕ್ಕೆ ಇಷ್ಟು ಸಾಕು. ಖೇದದ ಸಂಗತಿಯೆಂದರೆ, ಐಜ್ವಾಲಿನ ಜನರು ತಮ್ಮ ತಂಡವನ್ನು ತಮ್ಮೂರಿನ ಮೈದಾನದಲ್ಲೇ ಕಂಡು ಹುರಿದುಂಬಿಸಿದಂತೆ ಶ್ರೀನಿಧಿಯನ್ನು ತಮ್ಮದೆಂದು ಕರೆಯುವ ಭಾಗ್ಯವು ವಿಶಾಖಪಟ್ಟಣದ ಮಕ್ಕಳಿಗೆ ದಕ್ಕಲಿಲ್ಲ.