ಕಣ್ಣಿಗೆ ಕಾಣುವಷ್ಟೇ ವೇಗ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಅಗಳಿಯವರಾದ ನಾವು ರೈಲು ಹತ್ತಲು ಹಿಂದೂಪುರಕ್ಕೋ ಪೆನುಕೊಂಡೆಗೋ ಹೋಗುವುದುಂಟು. ರಾಯದುರ್ಗ–ತುಮಕೂರು ಹೊಸ ಮಾರ್ಗವಾದರೋ ನಮ್ಮ ಮಡಕಶಿರಾ ಸೀಮೆಯನ್ನೇ ಹಾಯುವಂತೆ ಯೋಜಿತವಾಗಿದೆ. ಆದಕಾರಣ ರೈಲುಗಾಡಿಯು ಯಾವ ನಿಯಮಗಳಿಂದ ಸುರಕ್ಷಿತವಾಗಿ ಸಂಚರಿಸುತ್ತದೆ ಎಂಬುದನ್ನು ನಾವು ಅರಿತಿರುವುದು ಉಚಿತ.

ಪೆನುಕೊಂಡೆಯ ಹೆಸರೆತ್ತಿದೊಡನೆ ಒಂದು ದುಃಖದ ನೆನಪೂ ಬರುತ್ತದೆ. 2012ನೆಯ ಇಸವಿ ಮೇ 22ರ ನಸುಕಿನಲ್ಲಿ, ಬೆಂಗಳೂರಿಗೆ ಹೋಗುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಕೆಂಪು ಸಿಗ್ನಲನ್ನು ದಾಟಿ, ಆ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. 25 ಮಂದಿ ಮೃತರಾದರು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿಯು ಬ್ರೇಕು ಹಾಕಿದ ಮೇಲೂ ಸುಮಾರು 1 ಕಿಲೋಮೀಟರ್ ಓಡಿಯೇ ನಿಲ್ಲುತ್ತದೆ. ವೇಗವು ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರವು ನಾಲ್ಮಡಿಯಾಗುತ್ತದೆ.

ಆದುದರಿಂದಲೇ ರೈಲ್ವೆಯ ನಿಯಮಗಳು ಕಟ್ಟುನಿಟ್ಟಾಗಿವೆ. ನಿಲ್ದಾಣದ ಸಿಗ್ನಲು ಕೆಂಪಾಗಿದ್ದರೆ ಅಪ್ಪಣೆಯಿಲ್ಲದೆ ಚಾಲಕನು ದಾಟಕೂಡದು. ಸ್ವಯಂಚಾಲಿತ ಸಿಗ್ನಲುಗಳುಳ್ಳ ಮಾರ್ಗದಲ್ಲಿ, 'ಎ' ಅಕ್ಷರದ ಫಲಕವಿರುವ ಕಂಬದ ಬಳಿ ಮಾತ್ರ, ಹಗಲು 1 ನಿಮಿಷ, ಇರುಳು 2 ನಿಮಿಷ ನಿಂತು ಕಾದು, ಸೀಟಿ ಹಾಕಿ ಮುಂದೆ ಸಾಗಬಹುದು. ಆಗಲೂ ಎದುರಿಗೆ ಅಡ್ಡಿ ಕಂಡರೆ ಅದಕ್ಕಿಂತ ಈಚೆಗೇ ಗಾಡಿಯನ್ನು ನಿಲ್ಲಿಸಬಲ್ಲಷ್ಟು ಮೆಲ್ಲಗೆ ಹೋಗಬೇಕು. ತಿರುವು, ಮಂಜು, ಮಳೆಗಳಿಂದ ಮುಂದಿನ ದಾರಿ ಸ್ಪಷ್ಟವಾಗಿ ಕಾಣದಿದ್ದರೆ ಗಂಟೆಗೆ 10 ಕಿಲೋಮೀಟರನ್ನು ಮೀರಕೂಡದು. ಕಣ್ಣು ಎಷ್ಟು ದೂರ ಕಾಣುವುದೋ ಅದರೊಳಗೆ ನಿಲ್ಲಬಲ್ಲ ವೇಗವೇ ಸುರಕ್ಷಿತ ವೇಗ: ಇದೇ ಈ ನಿಯಮದ ತಿರುಳು.

ಹಳಿಯ ದುರಸ್ತಿ ನಡೆಯುವೆಡೆ ಮತ್ತೊಂದು ಕ್ರಮವುಂಟು. ಚಾಲಕನಿಗೆ ಮೊದಲೇ ಎಚ್ಚರಿಕೆಯ ಪತ್ರವನ್ನು ಕೊಡುತ್ತಾರೆ. ದಾರಿಯ ಬದಿಯಲ್ಲಿ ವೇಗದ ಫಲಕವನ್ನು ನೆಡುತ್ತಾರೆ. ಇಂಜಿನ್ ಆ ಸ್ಥಳವನ್ನು ದಾಟಿತೆಂದು ಚಾಲಕನು ಒಡನೆ ವೇಗ ಹೆಚ್ಚಿಸುವಂತಿಲ್ಲ. ಕಟ್ಟಕಡೆಯ ಬೋಗಿಯೂ ದಾಟುವವರೆಗೆ ಮಂದಗತಿಯಲ್ಲೇ ಸಾಗಬೇಕು. ಮುಂದಿರುವವನು ಹಿಂದಿರುವವರನ್ನು ಮರೆಯಬಾರದೆಂಬ ನೀತಿಯೂ ಇದರಲ್ಲಿ ಅಡಗಿದೆ.

ವಿದ್ಯಾರ್ಥಿಗಳೇ, ಇದರಿಂದ ನಾವು ಕಲಿಯಬೇಕಾದುದೇನು? ಮುಚ್ಚಿದ ಗೇಟಿನಡಿ ನುಸುಳುವ ಬಾಲಕನನ್ನು ಚಾಲಕನು ಕಂಡರೂ, ಪೂರ್ಣವೇಗದ ಗಾಡಿಯನ್ನು ಅಷ್ಟರಲ್ಲಿ ನಿಲ್ಲಿಸಲಾರನು. ಅಲ್ಲಿ ನಿಲ್ಲಬೇಕಾದವರು ನಾವೇ. ಪೋಷಕರಲ್ಲಿಯೂ ಒಂದು ವಿಜ್ಞಾಪನೆ: ಮಗುವಿನ ಕೈಹಿಡಿದ ತಂದೆತಾಯಿಗಳೇ ಅವಸರದಿಂದ ಗೇಟು ನುಸುಳಿದರೆ, ಶಾಲೆಯು ಹೇಳುವ ಪಾಠಕ್ಕೆ ಬೆಲೆಯೆಲ್ಲಿ? ಐದು ನಿಮಿಷ ತಡವಾಗಿಯಾದರೂ ಎಲ್ಲರೂ ಮನೆ ಸೇರೋಣ.