ಗುಟ್ಟಿಗೂ ಲೆಕ್ಕವಿರಬೇಕು



ಪ್ರತಿವರ್ಷ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಗಳ ಕಟ್ಟು ಪೊಲೀಸ್ ಠಾಣೆಯಿಂದ ಪರೀಕ್ಷಾ ಕೇಂದ್ರಕ್ಕೆ ಬರುತ್ತದೆ. ಒಳಗೇನಿದೆಯೆಂದು ಯಾರಿಗೂ ತಿಳಿಯದು, ತಿಳಿಯಲೂಬಾರದು. ಆದರೆ ಕಟ್ಟನ್ನು ತಂದವರಾರು, ಒಡೆದದ್ದು ಎಷ್ಟು ಗಂಟೆಗೆ, ಮೊಹರು ಸರಿಯಿತ್ತೇ ಎಂಬುದಕ್ಕೆಲ್ಲ ಸಾಕ್ಷಿಗಳ ಸಹಿ ಇರುತ್ತದೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಅದನ್ನು ಕಾಯುವವರು ಮಾತ್ರ ಲೆಕ್ಕ ಒಪ್ಪಿಸುತ್ತಾರೆ. ಸರಕಾರದ ಗುಪ್ತಚರ ವ್ಯವಸ್ಥೆಗೂ ಇದೇ ನಿಯಮ ಸಲ್ಲಬೇಕೆಂಬುದು ಈ ಶತಮಾನೋತ್ಸವದ ವೇದಿಕೆಯಿಂದ ನಮ್ಮ ಅರಿಕೆ.

ನಾಡನ್ನು ಕಾಯಲು ಗುಪ್ತಚರರು ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶದ್ರೋಹಿಗಳಿಗಾಗಿ ತೆರೆದಿಟ್ಟ ಕಿವಿ ಪ್ರತಿಪಕ್ಷದವರ, ಪತ್ರಕರ್ತರ ಮನೆಯತ್ತ ತಿರುಗಿದರೆ ತಡೆಯುವವರು ಯಾರು?

1956ರಲ್ಲಿ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ನಾರಾಯಣಪೇಟೆ, ಮಕ್ತಲಗಳೂ ಈ ಕಡೆಯೇ ಉಳಿದವು. ಅಂದಿನಿಂದ ನಮ್ಮ ಮತ ಹೈದರಾಬಾದಿಗೆ, ನುಡಿ ನೆಂಟಸ್ತಿಕೆಗಳು ರಾಯಚೂರಿನತ್ತ. ಎರಡೂ ರಾಜ್ಯಗಳ ಸುದ್ದಿ ನಮಗೆ ಮನೆಯ ಸುದ್ದಿಯೇ.

ಕರ್ನಾಟಕದಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದವೆದ್ದಾಗ, 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. ಹೊಣೆ ಕೆಳಗಿನ ನೌಕರನ ಬಳಿ ನಿಲ್ಲಲಿಲ್ಲ. ಮೇಲಿನ ಗಾದಿಯವರೆಗೆ ಹೋಯಿತು. ನಮ್ಮ ತೆಲಂಗಾಣದಲ್ಲಿಯೂ 2024ರಲ್ಲಿ ಕದ್ದಾಲಿಕೆಯ ಪ್ರಕರಣವೊಂದು ದಾಖಲಾಯಿತು. ಮಾವೋವಾದಿಗಳ ಮೇಲೆ ನಿಗಾ ಇಡಲೆಂದಿದ್ದ ವಿಶೇಷ ಗುಪ್ತಚರ ವಿಭಾಗವನ್ನು ರಾಜಕೀಯಕ್ಕೆ ಬಳಸಲಾಯಿತು, ಬಳಿಕ ಹಾರ್ಡ್ ಡಿಸ್ಕ್‌ಗಳನ್ನು ನಾಶಪಡಿಸಲಾಯಿತು ಎಂಬುದು ಆರೋಪ. ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ದಾಖಲೆಯೇ ಅಳಿದರೆ ತಪ್ಪು ಮಾಡದವನೂ ತನ್ನ ನಿರಪರಾಧವನ್ನು ತೋರಿಸಲಾರನೆಂಬುದನ್ನು ಶಿಕ್ಷಕರಾದ ನಾವು ಬಲ್ಲೆವು.

ಕಾನೂನು ಇಲ್ಲವೆಂದಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕೆಂದೂ, ಆ ಆದೇಶಕ್ಕೆ ಎರಡು ತಿಂಗಳ ಅವಧಿಯೆಂದೂ, ವಿಸ್ತರಿಸಿದರೂ ಒಟ್ಟು ಆರು ತಿಂಗಳು ಮೀರಬಾರದೆಂದೂ, ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕೆಂದೂ ವಿಧಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

ಆದರೂ ಕೊರತೆ ಉಳಿದಿದೆ. ಆದೇಶ ನೀಡುವವರೂ ಸರಕಾರದ ಅಧಿಕಾರಿಗಳೇ, ಪರಿಶೀಲಿಸುವವರೂ ಅವರೇ. ಉತ್ತರ ಬರೆದವನೇ ಅಂಕ ಹಾಕಿಕೊಂಡರೆ ನಾವು ಒಪ್ಪುವೆವೇ? ಬ್ರಿಟನ್ನಿನಲ್ಲಿ 1994ರ ಕಾಯಿದೆಯಿಂದ ಸಂಸದರ ಸಮಿತಿಯೊಂದು ಗುಪ್ತಚರ ಸಂಸ್ಥೆಗಳ ಕೆಲಸವನ್ನು ಪರಿಶೀಲಿಸುತ್ತಿದೆ. ನಮ್ಮ ಸಂಸತ್ತಿನಲ್ಲಿ ಅಂಥ ಪ್ರತ್ಯೇಕ ಸಮಿತಿ ಇಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯು ಪಟ್ಟಿಮಾಡಿದ ಗುಪ್ತಚರ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದ್ದರೂ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಬಾಗಿಲು ತೆರೆದಿಟ್ಟಿದೆ. ಮತ ಕೇಳಲು ಬರುವವರನ್ನು ಈ ಬಗ್ಗೆ ಪ್ರಶ್ನಿಸುವುದು ಪೋಷಕರಾದ ತಮ್ಮ ಹಕ್ಕು.

ಇಲ್ಲಿ ಕಲಿತ ಮಕ್ಕಳು ನಾಳೆ ಪೊಲೀಸರಾಗಬಹುದು, ಕಾರ್ಯದರ್ಶಿಗಳಾಗಬಹುದು, ಮಂತ್ರಿಗಳೂ ಆಗಬಹುದು. ಯಾರದೋ ಮಾತನ್ನು ಕದ್ದು ಕೇಳೆಂದು ಬಾಯಿಮಾತಿನ ಅಪ್ಪಣೆ ಬಂದಾಗ, "ಬರೆದು ಸಹಿ ಮಾಡಿ ಕೊಡಿ" ಎನ್ನುವ ಧೈರ್ಯ ಅವರಲ್ಲಿರಲಿ. ಶಾಲೆಯ ಮುಂದಿನ ನೂರು ವರ್ಷಗಳಿಗೆ ನಾವು ಬಯಸುವುದು ಇದನ್ನೇ.