ಹೆಡ್‌ಮಾಸ್ತರಿಲ್ಲದ ಶಾಲೆಗೆ ಯಾರು ದಿಕ್ಕು?

(ಯುವ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಅಂಗಡಿಯ ನಾಮಫಲಕದಲ್ಲಿ ಕನ್ನಡ ಇಲ್ಲವೆಂದರೆ ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ನಿಮ್ಮ ಬಡಾವಣೆಯ ಸರಕಾರಿ ಕನ್ನಡ ಶಾಲೆಯಲ್ಲಿ ಎಷ್ಟು ಜನ ಮೇಷ್ಟ್ರಿದ್ದಾರೆ ಎಂದು ಕೇಳಿದರೆ ನಿಮ್ಮಲ್ಲಿ ಎಷ್ಟು ಮಂದಿ ಕೈ ಎತ್ತುತ್ತೀರಿ?

ಎಲ್ಲರಿಗೂ ಕನ್ನಡದಲ್ಲೇ ಪ್ರಾಥಮಿಕ ಶಿಕ್ಷಣ ಎಂದು ನಾವು ನಂಬಿಕೊಂಡಿದ್ದ 1994ರ ಸರಕಾರಿ ಆದೇಶ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಖಾಸಗಿ ಶಾಲೆಗಳ ಮೇಲೆ ಮಾಧ್ಯಮವನ್ನು ಹೇರುವ ದಾರಿ ಅಲ್ಲಿಗೆ ಮುಚ್ಚಿತು. ಇನ್ನು ನಮಗೆ ಉಳಿದಿರುವುದು ಸರಕಾರಿ ಶಾಲೆಯೇ.

ಅಲ್ಲಿ ಪಾಠವೇ ನಡೆಯುವುದಿಲ್ಲ ಎಂದು ನಾವೂ ಹೇಳಿಕೊಂಡು ತಿರುಗುತ್ತೇವಲ್ಲ, ಸ್ವಲ್ಪ ಲೆಕ್ಕ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ತರಗತಿ ಐದು, ಮೇಷ್ಟ್ರು ಇಬ್ಬರು! ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕೆಂದು ಕಾಯ್ದೆ ಹೇಳುವುದು ಮಕ್ಕಳು 150 ದಾಟಿದ ಮೇಲೆ. ಹಾಗಾಗಿ ಚಿಕ್ಕ ಶಾಲೆಯಲ್ಲಿ ಆ ಇಬ್ಬರಲ್ಲಿ ಒಬ್ಬರೇ ಬಿಸಿಯೂಟದ ಅಕ್ಕಿ ಬೇಳೆ, ಹಾಲು ಮೊಟ್ಟೆಯ ಲೆಕ್ಕ, ಇಲಾಖೆ ಕೇಳುವ ಅಂಕಿಅಂಶ, ಬಿಇಒ ಕಚೇರಿಯ ಸಭೆ ಎಲ್ಲವನ್ನೂ ಹೊರಬೇಕು. ಅವರು ಸಭೆಗೆ ಹೋದ ದಿನ ಐದೂ ತರಗತಿ ಇನ್ನೊಬ್ಬರ ಕೊರಳಿಗೆ. ಕಾನ್ವೆಂಟಿನಲ್ಲಿ ಹೀಗಾದರೆ ಫೀಸು ಕಟ್ಟಿದ ಅಪ್ಪ ಅಮ್ಮ ಮಾರನೇ ದಿನವೇ ಗೇಟಿನ ಮುಂದೆ ನಿಲ್ಲುತ್ತಾರೆ. ಇಲ್ಲಿ ಒಂದು ದಿನದ ಕೂಲಿ ಬಿಟ್ಟು ಬಂದು ಕೇಳುವವರು ಯಾರು?

2025ರ ದಸರೆಯನ್ನು ನೆನಪಿಸಿಕೊಳ್ಳಿ. ಜಾತಿವಾರು ಸಮೀಕ್ಷೆಗೆ ಮೇಷ್ಟ್ರುಗಳನ್ನು ಮನೆಮನೆಗೆ ಕಳಿಸಿ, ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಎನ್ನುವವನು ನಾನಲ್ಲ. ಆಮೇಲೆ ಹೆಚ್ಚುವರಿ ತರಗತಿ ನಡೆಸುತ್ತೇವೆ ಎಂದೂ ಸರಕಾರ ಹೇಳಿತು. ಆದರೂ ಪಾಠ ಬಿಟ್ಟುಕೊಟ್ಟವರು ಯಾರ ಮಕ್ಕಳು?

ಮುಂದಾಳತ್ವ ಸರಕಾರಿ ಮೇಷ್ಟ್ರುಗಳಿಗೆ ಬರುವುದಿಲ್ಲ ಎನ್ನುವವರಿಗೆ ಎಚ್.ಡಿ. ಕೋಟೆಯ ಹೆಸರು ಹೇಳಿ. 1990ರ ದಶಕದ ನಡುವೆ ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದು ಕಟ್ಟಿದ್ದೇ ‘ನಲಿ ಕಲಿ’. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಅವರವರ ವೇಗದಲ್ಲಿ ಕಲಿಯುವ ಆ ಕ್ರಮ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅಧಿಕಾರಿಗಳು ಜೊತೆಗೆ ನಿಂತರು, ಮೇಷ್ಟ್ರುಗಳಿಗೆ ಯೋಚಿಸಲು ಬಿಡುವು ಸಿಕ್ಕಿತು. (ಇವತ್ತು ಅದನ್ನೂ ಭರ್ತಿ ಮಾಡುವ ಕಾಗದವನ್ನಾಗಿ ಮಾಡಿದ್ದೇವೆ, ಆ ಮಾತು ಬೇರೆ.)

ಪ್ರತಿ ಸರಕಾರಿ ಶಾಲೆಗೂ ಒಂದು ಎಸ್‌ಡಿಎಂಸಿ ಇದೆ. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಮಕ್ಕಳಿಲ್ಲದ ನೀವು ಪೋಷಕ ಸದಸ್ಯರಾಗಲಾರಿರಿ. ಆದರೆ ನಿಮ್ಮ ಬೀದಿಯಲ್ಲಿ ಹೂ ಮಾರುವ ಅಕ್ಕ ಆಗಿರಬಹುದು. ಆಕೆಗೆ ಅರ್ಜಿ ಬರೆದುಕೊಡಲು ಕನ್ನಡ ಬಲ್ಲ ನೀವು ಸಾಲದೇ?

ಈ ಶನಿವಾರ ಹತ್ತಿರದ ಶಾಲೆಗೆ ಹೋಗಿ. ಮೇಷ್ಟ್ರನ್ನು ತರಾಟೆಗೆ ತೆಗೆದುಕೊಳ್ಳುವುದಕ್ಕಲ್ಲ, ಬಾವುಟವೂ ಬೇಡ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಪ್ರಭಾರ ಯಾರ ಮೇಲಿದೆ, ಕಳೆದ ತಿಂಗಳು ಬೇರೆ ಕೆಲಸಕ್ಕೆ ಹೋದ ದಿನಗಳೆಷ್ಟು ಎಂದು ವಿನಯದಿಂದ ಕೇಳಿ ಬರೆದುಕೊಳ್ಳಿ. ಆ ಪಟ್ಟಿ ಹಿಡಿದುಕೊಂಡು ಸೋಮವಾರ ಬಿಇಒ ಕಚೇರಿಗೆ ಹೋಗೋಣ, ನಾನೂ ಬರುತ್ತೇನೆ.